ಹವಳಕ್ಕೆ ಕಡಿಮೆ ಆಳದ ಎರಡನೇ ಟ್ಯಾಂಕ್: ಗಾಜಿಗೆ ಆರ್ಡರ್ ಕೊಡುವ ಮುನ್ನ ಸಂಪ್ ಅಳೆಯಿರಿ

ಪ್ರಶ್ನೆ: ಹವಳ ಸಾಕುವ ನನ್ನ ಉಪ್ಪುನೀರಿನ ರೀಫ್ ಟ್ಯಾಂಕ್‌ಗೆ ಎರಡು ವರ್ಷ ತುಂಬಿತು. ಉದ್ದ 120, ಅಗಲ 50, ಎತ್ತರ 55 ಸೆಂ.ಮೀ. ಅದರ ನೀರು ಇಳಿದು, ಸೋಸಿ, ಪಂಪ್‌ನಿಂದ ಮತ್ತೆ ಮೇಲೇರುವ ಕೆಳಗಿನ ತೊಟ್ಟಿ, ಅಂದರೆ ಸಂಪ್, 60 x 40 x 40 ಸೆಂ.ಮೀ. ಅದರಲ್ಲಿ ನೀರು 22 ಸೆಂ.ಮೀ. ಎತ್ತರಕ್ಕೆ ನಿಲ್ಲುತ್ತದೆ. ಹವಳಗಳು ಬೆಳೆದು ಒಂದಕ್ಕೊಂದು ತಾಗುತ್ತಿವೆ. ಕತ್ತರಿಸಿದ ತುಂಡುಗಳನ್ನು ಬೆಳೆಸಲು ಪಕ್ಕದಲ್ಲೇ 90 x 60 x 30 ಸೆಂ.ಮೀ.ಯ ಕಡಿಮೆ ಆಳದ ಟ್ಯಾಂಕ್ ಇಡಬೇಕು ಅಂದುಕೊಂಡಿದ್ದೇನೆ. ಈಗಿರುವ ಸಂಪ್‌ಗೇ ಜೋಡಿಸಬಹುದಾ, ಬೇರೆಯೇ ಇಡಬೇಕಾ? ಲೈಟ್ ಎಷ್ಟು ಬೇಕು? ಹೊಸದಾಗಿ ತರುವ ಹವಳಗಳನ್ನು ಮೊದಲು ಇದರಲ್ಲಿಟ್ಟು ನೋಡಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈಗಿರುವ ಸಂಪ್‌ಗೇ ಜೋಡಿಸಿ, ಅದೇ ಒಳ್ಳೆಯದು. ಹೊಸದಾಗಿ ತಂದ ಹವಳಗಳನ್ನು ಮಾತ್ರ ಅದರಲ್ಲಿ ಇಳಿಸಬೇಡಿ. ಲೈಟ್ ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ ಸಾಕಾಗುತ್ತದೆ. ಇನ್ನು ನೀವು ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ: ಕರೆಂಟ್ ಹೋದಾಗ ಮೇಲಿನ ನೀರು ಎಲ್ಲಿಗೆ ಹೋಗುತ್ತದೆ? ಉಳಿದೆಲ್ಲಕ್ಕಿಂತ ಮುಂಚೆ ಅದನ್ನು ನೋಡೋಣ.

ಇಂಥ ಟ್ಯಾಂಕ್ ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ. 30 ಸೆಂ.ಮೀ. ಗಾಜು, ಅದರಲ್ಲಿ 25 ಸೆಂ.ಮೀ. ನೀರು, ಒಟ್ಟು 135 ಲೀಟರ್. ನಿಮ್ಮ ದೊಡ್ಡ ಟ್ಯಾಂಕ್‌ನ ಅರ್ಧಕ್ಕಿಂತ ಕಡಿಮೆ. ಆದರೆ ನೀರಿನ ಮೇಲ್ಮೈ ಲೆಕ್ಕ ಹಾಕಿ ನೋಡಿ. ದೊಡ್ಡದರಲ್ಲಿ 6,000 ಚದರ ಸೆಂ.ಮೀ., ಹೊಸದರಲ್ಲಿ 5,400. ಹೆಚ್ಚು ಕಡಿಮೆ ಒಂದೇ, ಅಲ್ವಾ? ನೀರು ಅರ್ಧ, ಮೇಲ್ಮೈ ಮಾತ್ರ ಅಷ್ಟೇ. ಕಡಿಮೆ ಆಳದ ಟ್ಯಾಂಕ್‌ನ ಸುಖವೂ ಇಲ್ಲೇ ಇದೆ, ತಾಪತ್ರಯವೂ ಇಲ್ಲೇ ಇದೆ. ನೀರು ವಾಪಸ್ ಇಳಿಯುವುದು, ಆವಿಯಾಗುವುದು, ಬೆಳಕು ಹರಡುವುದು, ಮೂರೂ ಈ ಮೇಲ್ಮೈಯನ್ನೇ ನೋಡುತ್ತವೆ. 135 ಲೀಟರ್ ಎಂಬ ಅಂಕಿಯನ್ನು ಅವು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಈಗ ಸಂಪ್‌ಗೆ ಬನ್ನಿ. ಪಂಪ್ ಓಡುತ್ತಿರುವಾಗ ಟ್ಯಾಂಕ್‌ನ ನೀರು ಓವರ್‌ಫ್ಲೋ ಹಲ್ಲುಗಳಿಗಿಂತ (ನೀರು ಹೊರಹರಿದು ಸಂಪ್‌ಗೆ ಇಳಿಯುವ ಅಂಚಿನ ಸೀಳುಗಳು) ಸ್ವಲ್ಪ ಮೇಲೆ ನಿಂತಿರುತ್ತದೆ. ಪಂಪ್ ನಿಂತ ಕೂಡಲೇ ಹಲ್ಲುಗಳ ಮೇಲಿದ್ದ ನೀರೆಲ್ಲ ಸಂಪ್‌ಗೆ ಇಳಿಯುತ್ತದೆ. ಸಾಮಾನ್ಯವಾಗಿ ಅದು 2 ಸೆಂ.ಮೀ. ಎಂದಿಟ್ಟುಕೊಳ್ಳಿ. ದೊಡ್ಡ ಟ್ಯಾಂಕ್‌ನಲ್ಲಿ 1 ಸೆಂ.ಮೀ. ಅಂದರೆ 6 ಲೀಟರ್. 2 ಸೆಂ.ಮೀ.ಗೆ 12, ಪೈಪ್‌ಗಳಲ್ಲಿದ್ದ 3 ಲೀಟರ್ ಸೇರಿ 15. ನಿಮ್ಮ ಸಂಪ್‌ನಲ್ಲಿ 1 ಸೆಂ.ಮೀ.ಗೆ 2.4 ಲೀಟರ್ ಹಿಡಿಸುತ್ತದೆ. ಹಾಗಾಗಿ ಈಗ ಕರೆಂಟ್ ಹೋದರೆ ಸಂಪ್‌ನ ನೀರು 6 ಸೆಂ.ಮೀ.ಯಷ್ಟು ಏರಿ 28ಕ್ಕೆ ನಿಲ್ಲುತ್ತದೆ. ತೊಂದರೆ ಏನಿಲ್ಲ. ನೀವು ಇದನ್ನು ಗಮನಿಸಿರಲಿಕ್ಕೂ ಇಲ್ಲ.

ಹೊಸ ಟ್ಯಾಂಕ್ ಸೇರಿದರೆ ಅಲ್ಲಿಂದಲೂ 2 ಸೆಂ.ಮೀ. ಇಳಿಯುತ್ತದೆ. ಅಂದರೆ ಸುಮಾರು 11 ಲೀಟರ್, ಪೈಪ್‌ನದು 2 ಸೇರಿ 13. ಎರಡೂ ಕೂಡಿ 28 ಲೀಟರ್. ಸಂಪ್ 12 ಸೆಂ.ಮೀ. ಏರಿ 34ಕ್ಕೆ ಮುಟ್ಟುತ್ತದೆ. ಅಂಚಿಗೆ ಇನ್ನೂ 6 ಸೆಂ.ಮೀ. ಉಳಿಯಿತು. ಸರಿ ಇದೆ ಅನ್ನಿಸುತ್ತದೆ. ಬಹಳ ಜನ ಇಲ್ಲಿಗೇ ಲೆಕ್ಕ ಮುಗಿಸಿ ಗಾಜು ಕತ್ತರಿಸಲು ಹೇಳಿಬಿಡುತ್ತಾರೆ.

ಆದರೆ ಸಂಪ್‌ನಿಂದ ನೀರನ್ನು ಮೇಲಕ್ಕೆ ತರುವ ರಿಟರ್ನ್ ಪೈಪ್‌ನ ಬಾಯಿ ನೀರಿನೊಳಗೆ ಎಷ್ಟು ಆಳದಲ್ಲಿದೆ? ಪಂಪ್ ನಿಂತಾಗ ಅದೇ ಪೈಪ್ ಸೈಫನ್ ಆಗುತ್ತದೆ. ಬಾಯಿ ಎಲ್ಲಿದೆಯೋ ಅಲ್ಲಿಯವರೆಗೆ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಇದನ್ನು ತಡೆಯಲು ಮೇಲ್ಮೈಗೆ ಹತ್ತಿರದಲ್ಲಿ ಪೈಪ್‌ಗೆ ಒಂದು ಸಣ್ಣ ತೂತು ಕೊರೆಯುತ್ತಾರೆ. ಗಾಳಿ ಒಳಗೆ ಹೋದರೆ ಸೈಫನ್ ಮುರಿಯುತ್ತದೆ ಎಂಬ ಯೋಚನೆ. ತೂತು ಹೊಸದಾಗಿದ್ದಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆರು ತಿಂಗಳಿಗೆ ಅದರಲ್ಲಿ ಕಲ್ಲಿನಂತೆ ಗಟ್ಟಿಯಾಗುವ ಕೋರಲೈನ್ ಪಾಚಿ ಕಟ್ಟುತ್ತದೆ, ಇಲ್ಲವೇ ಒಂದು ಬಸವನಹುಳು ಬಂದು ಸರಿಯಾಗಿ ಅದರ ಮೇಲೇ ಕೂರುತ್ತದೆ. ಬಾಯಿ 5 ಸೆಂ.ಮೀ. ಆಳದಲ್ಲಿದ್ದು ತೂತು ಮುಚ್ಚಿದ್ದರೆ ಹೊಸ ಟ್ಯಾಂಕ್‌ನಿಂದ ಇಳಿಯುವುದು 11 ಲೀಟರ್ ಅಲ್ಲ, 27 ಲೀಟರ್. ಒಟ್ಟು 44. ಸಂಪ್ 18 ಸೆಂ.ಮೀ.ಗಿಂತ ಜಾಸ್ತಿ ಏರಬೇಕು. ನಿಮ್ಮಲ್ಲಿರುವ ಜಾಗವೇ 18. ಉಳಿದದ್ದು ನೆಲಕ್ಕೆ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನನ್ನ ಮೊದಲ ಕಡಿಮೆ ಆಳದ ಟ್ಯಾಂಕ್ ಇಟ್ಟು ಎಂಟು ತಿಂಗಳಾಗಿತ್ತು. ರಾತ್ರಿ ಕರೆಂಟ್ ಹೋಗಿದೆ, ಬಂದಿದೆ. ಬೆಳಿಗ್ಗೆ ಎದ್ದು ಕಾಲಿಟ್ಟರೆ ನೆಲವೆಲ್ಲ ಉಪ್ಪುನೀರು. ತೂತಿನ ಮೇಲೆ ಹೆಬ್ಬೆರಳಿನಷ್ಟು ಬಸವನಹುಳು, ಏನೂ ಗೊತ್ತಿಲ್ಲದಂತೆ ಕೂತಿತ್ತು. ಅಂದಿನಿಂದ ನಾನು ತೂತನ್ನು ನಂಬಿ ಲೆಕ್ಕ ಹಾಕುವುದಿಲ್ಲ. ರಿಟರ್ನ್ ಬಾಯನ್ನೇ ಮೇಲ್ಮೈಯಿಂದ 1 ಅಥವಾ 2 ಸೆಂ.ಮೀ. ಕೆಳಗೆ ಇಡುತ್ತೇನೆ. ಆಗ ತೂತು ಮುಚ್ಚಿದರೂ ಎಳೆಯಲು ಹೆಚ್ಚು ನೀರೇ ಇರುವುದಿಲ್ಲ. ರಿಟರ್ನ್ ಪೈಪ್‌ಗೆ ನಾನ್ ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು) ಹಾಕಿದರೆ ಸಾಕಲ್ಲ ಎಂದು ನೀವು ಕೇಳಬಹುದು. ಬೇಡ. ಉಪ್ಪುನೀರಿನಲ್ಲಿ ಅದರೊಳಗೂ ಪಾಚಿ, ಸುಣ್ಣ ಕಟ್ಟುತ್ತದೆ. ಬೇಕಾದ ದಿನ ಅದು ಪೂರ್ತಿ ಮುಚ್ಚುವುದಿಲ್ಲ.

ಗಾಜು ಕೊಳ್ಳುವ ಮುನ್ನವೇ ಇದನ್ನು ಪರೀಕ್ಷೆ ಮಾಡಬಹುದು. ನೀರು ಬದಲಿಸುವ ದಿನ 30 ಲೀಟರ್ ಉಪ್ಪುನೀರು ಬೆರೆಸಿ ಇಟ್ಟುಕೊಳ್ಳಿ. ಸ್ಕಿಮ್ಮರ್ (ಗುಳ್ಳೆಗಳಿಂದ ನೀರಿನ ಕೊಳೆ ತೆಗೆಯುವ ಯಂತ್ರ), ಪಂಪ್ ಎಲ್ಲ ಆಫ್ ಮಾಡಿ. ಸಂಪ್‌ನ ನೀರು ಏರಿ ನಿಂತ ಮೇಲೆ ಅದಕ್ಕೆ 13 ಲೀಟರ್ ಸುರಿಯಿರಿ. ಎಲ್ಲಿಗೆ ಬಂತು, ಗುರುತು ಹಾಕಿ. ಆಮೇಲೆ ಇನ್ನೂ 16 ಲೀಟರ್ ನಿಧಾನವಾಗಿ ಸುರಿಯುತ್ತಾ ಹೋಗಿ, ಅಂಚಿಗೆ ಬರುತ್ತಿದೆ ಅನ್ನಿಸಿದರೆ ನಿಲ್ಲಿಸಿ. ಕಾಗದದ ಲೆಕ್ಕಕ್ಕಿಂತ ಇದು ಸರಿ. ಯಾಕೆಂದರೆ ಸಂಪ್‌ನೊಳಗೆ ಸ್ಕಿಮ್ಮರ್, ಹೀಟರ್, ಕಲ್ಲು ಎಲ್ಲ ಜಾಗ ತಿಂದಿರುತ್ತವೆ, 2.4 ಲೀಟರ್ ಎಂದದ್ದು ನಿಜದಲ್ಲಿ 2 ಇದ್ದರೂ ಇರಬಹುದು. ಪರೀಕ್ಷೆ ಮುಗಿದ ಮೇಲೆ ಸುರಿದಷ್ಟೇ ನೀರನ್ನು ತೆಗೆದುಬಿಡಿ. ಆ ವಾರದ ನೀರು ಬದಲಿಸುವ ಕೆಲಸವೂ ಆಯಿತು.

ಎರಡನೇ ಸುರಿತ ಹಿಡಿಸದಿದ್ದರೆ ಮೂರು ದಾರಿಗಳಿವೆ. ಸಂಪ್‌ನ ಓಡುವ ಮಟ್ಟವನ್ನು 22ರಿಂದ 19ಕ್ಕೆ ಇಳಿಸಬಹುದು. ಆದರೆ ಸ್ಕಿಮ್ಮರ್‌ಗೆ ತನ್ನದೇ ಆದ ಆಳ ಬೇಕು, ಅದನ್ನು ನೋಡಿಕೊಳ್ಳಿ. ಹೊಸ ಟ್ಯಾಂಕ್‌ನ ಅಗಲ 60ರಿಂದ 45ಕ್ಕೆ ತರಬಹುದು. ಅಥವಾ ದೊಡ್ಡ ಸಂಪ್. ನನ್ನನ್ನು ಕೇಳಿದರೆ ಎರಡನೆಯದು. 60 ಸೆಂ.ಮೀ. ಅಗಲದಲ್ಲಿ ಹಿಂದಿನ ಮೂಲೆಗೆ ಕೈ ಹಾಕುವಾಗ ಎದೆ ಗಾಜಿಗೆ ಒತ್ತುತ್ತದೆ, ಅಂಗಿ ತೋಳು ಒದ್ದೆ. ತುಂಡುಗಳನ್ನು ದಿನಾ ಎತ್ತಿ ಇಡುವ ಟ್ಯಾಂಕ್ ಇದು. ಮರೆಯಬೇಡಿ.

ಇದಕ್ಕೆ ತಿರುಗುಮುರುಗಾದ ಅಪಾಯವೂ ಒಂದಿದೆ. ಹೊಸ ಟ್ಯಾಂಕ್‌ನ ಇಳಿಪೈಪ್ ಕಟ್ಟಿಕೊಂಡು ಪಂಪ್ ಮಾತ್ರ ನೀರು ತುಂಬುತ್ತಲೇ ಇದ್ದರೆ? ಇಲ್ಲಿ ಅಗಲದ ಮೈ ನಿಮ್ಮ ಕಡೆಗಿದೆ. ಅಂಚಿಗೆ 5 ಸೆಂ.ಮೀ. ಖಾಲಿ ಬಿಟ್ಟಿದ್ದರೆ 27 ಲೀಟರ್ ಹಿಡಿಯುತ್ತದೆ. ಸಂಪ್‌ನಲ್ಲಿ ಪಂಪ್ ಇರುವ ಕೊನೆಯ ಭಾಗದಲ್ಲಿ ಅದಕ್ಕಿಂತ ಕಡಿಮೆ ನೀರಿದ್ದರೆ, ಟ್ಯಾಂಕ್ ಉಕ್ಕುವ ಮುಂಚೆಯೇ ಪಂಪ್ ಒಣಗಿ ನಿಲ್ಲುತ್ತದೆ. ಸಮಾಧಾನ. ಆದರೆ ಆವಿಯಾದ ನೀರನ್ನು ತಾನೇ ತುಂಬುವ ಆಟೋ ಟಾಪ್ ಆಫ್ ಇದ್ದರೆ ಲೆಕ್ಕ ಕೆಡುತ್ತದೆ. ಪಂಪ್ ಭಾಗದಲ್ಲಿ ನೀರು ಇಳಿದದ್ದನ್ನು ಅದು ಆವಿ ಎಂದುಕೊಂಡು ಸಿಹಿನೀರು ಸುರಿಯುತ್ತಲೇ ಹೋಗುತ್ತದೆ. ಟ್ಯಾಂಕ್ ಉಕ್ಕುತ್ತದೆ, ಉಪ್ಪಿನಂಶವೂ ಇಳಿಯುತ್ತದೆ. ಸಿಹಿನೀರಿನ ಡಬ್ಬಿ ಇಲ್ಲಿ ದೊಡ್ಡದಿದ್ದಷ್ಟೂ ಅಪಾಯ. ಎರಡು ಅಥವಾ ಮೂರು ದಿನಕ್ಕೆ ಸಾಕಾಗುವಷ್ಟೇ ಇಡಿ, ಹದಿನೈದು ದಿನದ್ದಲ್ಲ.

ಅದಕ್ಕೇ ಇಳಿಪೈಪ್ ಒಂದೇ ಇರಬಾರದು. ಎರಡು ಇರಲಿ. ಒಂದರಲ್ಲಿ ಗೇಟ್ ವಾಲ್ವ್ ಇಟ್ಟು ಪೂರ್ತಿ ಸೈಫನ್ ಆಗಿ ಓಡಿಸುವುದು, ಇನ್ನೊಂದು ಖಾಲಿ ನಿಂತು ತುರ್ತಿಗೆ ಮಾತ್ರ. ಹವ್ಯಾಸಿಗಳು ಇದನ್ನು ಹರ್ಬಿ ಓವರ್‌ಫ್ಲೋ ಅನ್ನುತ್ತಾರೆ. ಸದ್ದೂ ಇಲ್ಲ. ಗಮನಿಸಿ, ಗೇಟ್ ವಾಲ್ವ್ ಎಂದೆ, ಬಾಲ್ ವಾಲ್ವ್ ಅಲ್ಲ. ಬಾಲ್ ವಾಲ್ವ್‌ನಲ್ಲಿ ಕೂದಲೆಳೆಯಷ್ಟು ತಿರುಗಿಸಿದರೂ ಹರಿವು ಸಿಕ್ಕಾಪಟ್ಟೆ ಬದಲಾಗುತ್ತದೆ. ಎಲ್ಲವೂ ಪಿವಿಸಿಯೇ ಆಗಿರಲಿ. ಹಿತ್ತಾಳೆ ವಾಲ್ವ್ ತಪ್ಪಿಯೂ ಬೇಡ. ಅದರಿಂದ ಬಿಡುವ ತಾಮ್ರ ಹವಳ, ಸೀಗಡಿ, ಬಸವನಹುಳುಗಳಿಗೆ ವಿಷ.

ಪಂಪ್ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ದೊಡ್ಡ ಟ್ಯಾಂಕ್‌ನ ಪಂಪ್‌ನಿಂದಲೇ ಕವಲು ಒಡೆದು ಹೊಸದಕ್ಕೂ ಕೊಡಬಹುದು. ಒಂದು ಪಂಪ್ ಉಳಿಯುತ್ತದೆ ನಿಜ. ಆದರೆ ಒಂದರ ವಾಲ್ವ್ ಮುಟ್ಟಿದರೆ ಇನ್ನೊಂದರ ಹರಿವು ಬದಲಾಗುತ್ತದೆ. ಆ ಪಂಪ್ ಕೆಟ್ಟರೆ ಎರಡೂ ನಿಂತವು. ಹೊಸದಕ್ಕೆ ಬೇರೆ ಸಣ್ಣ ಪಂಪ್ ಇಡಿ. ಗಂಟೆಗೆ 400ರಿಂದ 700 ಲೀಟರ್ ನೀರು ನಿಜವಾಗಿ ಮೇಲೆ ತಲುಪಿದರೆ ಸಾಕು. ನಿಜವಾಗಿ ಅಂದದ್ದು ಯಾಕೆಂದರೆ ಡಬ್ಬದ ಮೇಲಿನ ಅಂಕಿ ಎತ್ತರವಿಲ್ಲದೆ ಅಳೆದದ್ದು. ಒಂದೂವರೆ ಮೀಟರ್ ಮೇಲಕ್ಕೆ ತಳ್ಳುವಾಗ ಎಷ್ಟೋ ಪಂಪ್‌ಗಳ ಹರಿವು ಅರ್ಧಕ್ಕೆ ಇಳಿಯುತ್ತದೆ. ಏರುಪೈಪ್, ಇಳಿಪೈಪ್ ಎರಡಕ್ಕೂ ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಕೀಲು) ಮತ್ತು ವಾಲ್ವ್ ಹಾಕಿಸಿ. ಬೇಕೆಂದಾಗ ಹೊಸ ಟ್ಯಾಂಕನ್ನು ಎರಡು ನಿಮಿಷದಲ್ಲಿ ಬಿಡಿಸಿ, ಅದರದೇ ಹೀಟರ್ ಮೇಲೆ ಒಂಟಿಯಾಗಿ ಓಡಿಸಬಹುದು. ಯಾವತ್ತೋ ಒಂದು ದಿನ ಬೇಕಾಗೇ ಆಗುತ್ತದೆ.

ಆವಿಯ ಲೆಕ್ಕಕ್ಕೆ ಬರೋಣ. ಸಂಪ್ ಸೇರಿ ಈಗ 8,400 ಚದರ ಸೆಂ.ಮೀ. ನೀರಿನ ಮೈ ಇದೆ. ಹೊಸದು ಬಂದರೆ 13,800. ಈಗ ದಿನಕ್ಕೆ 3 ಲೀಟರ್ ಆವಿಯಾಗುತ್ತಿದ್ದರೆ ಮುಂದೆ 5 ಆಗುತ್ತದೆ. ಇದು ಎಲ್ಲ ಕಡೆ ಸಮನಾಗಿ ಇಳಿದಂತೆ ಕಾಣುವುದಿಲ್ಲ. ಎರಡೂ ಟ್ಯಾಂಕ್‌ಗಳ ಮಟ್ಟ ಓವರ್‌ಫ್ಲೋ ಹಲ್ಲಿಗೇ ನಿಂತಿರುತ್ತದೆ. ಇಳಿಯುವುದೆಲ್ಲ ಸಂಪ್‌ನ ಪಂಪ್ ಭಾಗದಲ್ಲಿ. ಆ ಭಾಗ 20 x 40 ಇದ್ದರೆ 5 ಲೀಟರ್ ಅಂದರೆ 6 ಸೆಂ.ಮೀ. ಒಂದು ದಿನ ಮರೆತರೆ ಪಂಪ್ ಗಾಳಿ ಎಳೆಯಲು ಶುರುಮಾಡುತ್ತದೆ. ಕೈಯಲ್ಲಿ ಮಗ್ ಹಿಡಿದು ನೀರು ತುಂಬುವ ಕಾಲ ಮುಗಿಯಿತು ಎಂದುಕೊಳ್ಳಿ. ಆಟೋ ಟಾಪ್ ಆಫ್ ಬೇಕೇ ಬೇಕು, ಸಣ್ಣ ಡಬ್ಬಿಯ ಜೊತೆಗೆ. ತುಂಬುವುದು ಪೂರ್ತಿ ಶುದ್ಧೀಕರಿಸಿದ ಆರ್‌ಒ ಡಿಐ ನೀರು, ಉಪ್ಪು ಬೆರೆಸದ್ದು. ಉಪ್ಪು ಆವಿಯಾಗುವುದಿಲ್ಲವಲ್ಲ.

ಆವಿಯ ಜೊತೆ ಬಿಸಿಯೂ ಹೋಗುತ್ತದೆ. ದಿನಕ್ಕೆ 2 ಲೀಟರ್ ಹೆಚ್ಚು ಆವಿಯಾದರೆ, 55 ವಾಟ್‌ನ ಹೀಟರ್ ಇಡೀ ದಿನ ಉರಿದು ಕೊಡುವಷ್ಟು ಶಾಖ ನೀರಿನಿಂದ ಹೊರಟಂತೆ. ಸೆಕೆಗಾಲದಲ್ಲಿ ಇದು ವರ. ಚಳಿಗಾಲದಲ್ಲಿ ಹೀಟರ್‌ಗೆ ದುಡಿಮೆ ಹೆಚ್ಚು. ನೀರು 25ರಿಂದ 26 ಡಿಗ್ರಿಯಲ್ಲಿ ನಿಲ್ಲಬೇಕು. ಒಂದು ದೊಡ್ಡ ಹೀಟರ್ ಬದಲು ಎರಡು ಸಣ್ಣವು ಇಡಿ. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ. ಆನ್ ಆಗಿಯೇ ಅಂಟಿಕೊಂಡರೂ ಟ್ಯಾಂಕ್ ಕುದಿಸುವಷ್ಟು ಶಕ್ತಿ ಅದಕ್ಕಿರುವುದಿಲ್ಲ. ಆಮ್ಲಜನಕದ ವಿಷಯದಲ್ಲೂ ದೊಡ್ಡ ಮೇಲ್ಮೈ ಒಳ್ಳೆಯದೇ.

ಇನ್ನು ಲೈಟ್. ನೀವು ಈಗಿನ ಲೈಟ್‌ನಂಥದ್ದೇ ಇನ್ನೊಂದು ತರುವ ಯೋಚನೆಯಲ್ಲಿದ್ದರೆ ಸ್ವಲ್ಪ ತಡೆಯಿರಿ. ದೊಡ್ಡ ಟ್ಯಾಂಕ್‌ನಲ್ಲಿ ಆ ಬೆಳಕು 40, 50 ಸೆಂ.ಮೀ. ನೀರು ದಾಟಿ ಕೆಳಗೆ ಇಳಿಯಬೇಕು. ಹೊಸದರಲ್ಲಿ ಹವಳ ಇರುವುದೇ 15 ಸೆಂ.ಮೀ. ಕೆಳಗೆ. ಅದೇ ಲೈಟ್, ಅದೇ ಎತ್ತರ, ಅದೇ ಶೇಕಡಾವಾರು ಇಟ್ಟರೆ ತಳದಲ್ಲಿ 100 ಪಾರ್‌ನಲ್ಲಿ ಹಾಯಾಗಿದ್ದ ತುಂಡಿಗೆ ಇಲ್ಲಿ 300 ಬೀಳಬಹುದು. ಪಾರ್ ಅಂದರೆ ಹವಳದೊಳಗಿನ ಪಾಚಿ ಬಳಸಿಕೊಳ್ಳಬಲ್ಲ ಬೆಳಕಿನ ಅಳತೆ. ಬೆಳಕು ಒಮ್ಮೆಲೇ ಜಾಸ್ತಿಯಾದರೆ ಆ ಪಾಚಿ ಹವಳದ ಜೀವಕೋಶಕ್ಕೇ ಹಾನಿ ಮಾಡುವ ರಾಸಾಯನಿಕಗಳನ್ನು ಹೊರಬಿಡುತ್ತದೆ. ಹವಳ ಪಾಚಿಯನ್ನೇ ಹೊರಗೆ ಹಾಕಿ ಬಿಳಿಚಿಕೊಳ್ಳುತ್ತದೆ. ಹೊಸ ಟ್ಯಾಂಕ್‌ನಲ್ಲಿ ಮೊದಲ ತಿಂಗಳು ಸಾಯುವ ಹವಳಗಳಲ್ಲಿ ಹೆಚ್ಚಿನವು ನೀರು ಸರಿಯಿಲ್ಲದೆ ಸಾಯುವುದಿಲ್ಲ, ಬೆಳಕಿಗೆ ಸುಟ್ಟು ಸಾಯುತ್ತವೆ. ನೀರು ಹೇಗೂ ಎರಡು ವರ್ಷದ ಹಳೆಯದೇ ಅಲ್ವಾ?

ಅಣಬೆ ಹವಳ, ಗುಂಡಿಗಳ ಗೊಂಚಲಿನಂಥ ಜೊಆಂಥಿಡ್, ಬಹುಪಾಲು ಎಲ್‌ಪಿಎಸ್‌ಗಳಿಗೆ (ದೊಡ್ಡ ಪಾಲಿಪ್‌ಗಳ ಗಟ್ಟಿ ಹವಳ) 50ರಿಂದ 150 ಪಾರ್ ಸಾಕು. ಸಣ್ಣ ಪಾಲಿಪ್‌ಗಳ ಗಟ್ಟಿ ಹವಳಗಳಾದ ಮಾಂಟಿಪೋರಾ, ಅಕ್ರೋಪೋರಾಗಳಿಗೆ 200ರಿಂದ 350. ಕಡಿಮೆ ಆಳದಲ್ಲಿ ಇಷ್ಟು ತಲುಪಿಸಲು ಶಕ್ತಿಶಾಲಿ ಲೈಟ್ ಬೇಡ. ಕಷ್ಟ ಇರುವುದು ಸಮನಾಗಿ ಹರಡುವುದರಲ್ಲಿ. ಒಂದೇ ದೊಡ್ಡ ಎಲ್‌ಇಡಿ ತೂಗುಹಾಕಿದರೆ ಕೆಳಗೆ ಸರಿಯಾಗಿ ನಡುವೆ ಸುಡುಬಿಸಿಲು, ಮೂಲೆಗಳಲ್ಲಿ ಮಬ್ಬು. ಎರಡು ಸಣ್ಣವನ್ನು 35, 40 ಸೆಂ.ಮೀ. ಎತ್ತರದಲ್ಲಿ ಹಾಕಿ. ಎತ್ತರಿಸಿದಷ್ಟೂ ಬೆಳಕು ಹರಡುತ್ತದೆ, ಉಪ್ಪಿನ ಹನಿ ಲೈಟ್‌ಗೆ ಸಿಡಿಯುವುದೂ ಕಡಿಮೆ. ಹಳೆಯ ಟಿ5 ಟ್ಯೂಬ್‌ಗಳು ಸಿಕ್ಕರೆ ಅವೂ ಈ ಕೆಲಸಕ್ಕೆ ಬಹಳ ಚೆನ್ನ. ಉದ್ದಕ್ಕೂ ಒಂದೇ ಬೆಳಕು, ನೆರಳೇ ಇಲ್ಲ.

ಒಂದು ಪಾರ್ ಮೀಟರ್ ಎರಡು ದಿನಕ್ಕೆ ಯಾರಿಂದಾದರೂ ಎರವಲು ತನ್ನಿ. ಮೊಬೈಲ್‌ನ ಲಕ್ಸ್ ಆಪ್ ನೋಡಿ ತೀರ್ಮಾನಿಸಬೇಡಿ. ಲಕ್ಸ್ ಮನುಷ್ಯನ ಕಣ್ಣಿಗೆ ಕಾಣುವ ಹೊಳಪಿನ ಅಳತೆ, ನೀಲಿ ಎಲ್‌ಇಡಿಯನ್ನು ಅದು ತೀರಾ ಕಡಿಮೆ ತೋರಿಸುತ್ತದೆ. ಮೀಟರ್ ಸಿಗದಿದ್ದರೆ 40 ಶೇಕಡಾದಿಂದ ಶುರುಮಾಡಿ. ನಾಲ್ಕೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತಾ ನಾಲ್ಕು ವಾರ ತೆಗೆದುಕೊಳ್ಳಿ. ಹವಳವನ್ನು ನೋಡುತ್ತಿರಿ. ತುದಿ, ನೆತ್ತಿ ಬಿಳಿಚಿಕೊಂಡರೆ ಬೆಳಕು ಜಾಸ್ತಿ. ಬಣ್ಣ ಕಂದಿ ಕಂದುಬಣ್ಣಕ್ಕೆ ತಿರುಗಿದರೆ, ಜೊಆಂಥಿಡ್‌ಗಳು ಕತ್ತು ಉದ್ದ ಮಾಡಿ ಮೇಲೆ ಚಾಚಿದರೆ ಕಡಿಮೆ. ಅನುಮಾನ ಬಂದರೆ ತಗ್ಗಿಸಿ. ಕಡಿಮೆ ಬೆಳಕಿನಲ್ಲಿ ಹವಳ ವಾರಗಟ್ಟಲೆ ಕಾಯಬಲ್ಲದು, ಹೆಚ್ಚು ಬೆಳಕಿನಲ್ಲಿ ಎರಡು ದಿನ ಕೂಡ ಕಷ್ಟ.

ಲೈಟ್ ಹೊತ್ತಿನ ಬಗ್ಗೆ ಒಂದು ಮಾತು. ಹೊಸ ಟ್ಯಾಂಕ್‌ನ ಎಂಟು ಗಂಟೆಯನ್ನು ದೊಡ್ಡದರ ಲೈಟ್ ಆರಿದ ಮೇಲೆ ಇಡುವವರಿದ್ದಾರೆ. ಬೆಳಕಿದ್ದಾಗ ಪಾಚಿ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದರಿಂದ ರಾತ್ರಿ ಪಿಎಚ್ ಇಳಿಯುವುದು ಕಡಿಮೆಯಾಗುತ್ತದೆ. ಕೆಲಸ ಮಾಡುತ್ತದೆ. ಆದರೆ ನೀವು ಮಲಗಿದಾಗ ಹೊಳೆಯುವ ಟ್ಯಾಂಕ್ ಯಾರಿಗೆ? ನಾನು ಎರಡು ಗಂಟೆ ಮಾತ್ರ ಹಿಂದೆ ಮುಂದೆ ಇಟ್ಟಿದ್ದೇನೆ. ಮೇಲಿನಿಂದ ನೋಡಿದಾಗಲೇ ಹವಳದ ನಿಜವಾದ ಬಣ್ಣ. ಪಂಪ್ ಒಂದು ನಿಮಿಷ ನಿಲ್ಲಿಸಿ, ಅಲೆ ಅಡಗಿದ ಮೇಲೆ ಬಗ್ಗಿ ನೋಡುವ ಸುಖಕ್ಕೇ ಎಷ್ಟೋ ಜನ ಇಂಥ ಟ್ಯಾಂಕ್ ಇಡುತ್ತಾರೆ.

ನೀರಿನ ಓಟಕ್ಕೆ ದೊಡ್ಡ ಟ್ಯಾಂಕ್‌ನ ವೇವ್‌ಮೇಕರ್ (ನೀರು ಕಲಕುವ ಪಂಪ್) ತಂದು ಹಾಕಬೇಡಿ. 25 ಸೆಂ.ಮೀ. ನೀರಿನಲ್ಲಿ ಅದು ಮೇಲಿನಿಂದ ಗಾಳಿ ಸುಳಿ ಎಳೆದು ಗುಳ್ಳೆ ಉಗುಳುತ್ತದೆ. ಅಗಲ ಟ್ಯಾಂಕ್ ತಟ್ಟೆಯಲ್ಲಿಟ್ಟ ನೀರಿನಂತೆ ತುಳುಕುತ್ತದೆ ಕೂಡ. ಎರಡು ಸಣ್ಣವು, ಎದುರು ಬದುರು, ಬೇರೆ ಬೇರೆ ಹೊತ್ತಿಗೆ ಓಡುವಂತೆ. ತುಂಡುಗಳ ಮೇಲೆ ಕಸ ಕೂರಬಾರದು, ಎಲ್‌ಪಿಎಸ್‌ಗಳ ಮಾಂಸ ಅಸ್ಥಿಪಂಜರದಿಂದ ಹಿಂದೆ ಬಾಗಬಾರದು. ಈ ಎರಡರ ನಡುವೆ ಎಲ್ಲಿದ್ದರೂ ಸರಿ.

ತಳಕ್ಕೆ ಮರಳು ಬೇಡ. ಎಗ್‌ಕ್ರೇಟ್ ಎಂಬ ಪ್ಲಾಸ್ಟಿಕ್ ಜಾಲರಿಗೆ ಪಿವಿಸಿ ಕಾಲು ಕೊಟ್ಟು 6, 7 ಸೆಂ.ಮೀ. ಎತ್ತರಿಸಿ ಇಡಿ. ಅಡಿಯಲ್ಲಿ ಕೂರುವ ಕಸವನ್ನು ಪೈಪ್ ಹಾಕಿ ಎಳೆಯಲು ಜಾಗ ಬೇಕು. ಇಡೀ ತಳಕ್ಕೆ ಒಂದೇ ಜಾಲರಿ ಮಾಡಿಸಿದರೆ ಎತ್ತಲು ಆಗುವುದಿಲ್ಲ, ಮೂರು ತುಂಡು ಮಾಡಿ. ಹವಳಗಳ ನಡುವೆ ಅಂತರ ಬಿಡಿ. ರಾತ್ರಿ ಯೂಫಿಲಿಯಾ ಹವಳ ಉದ್ದನೆಯ ಕುಟುಕು ಎಳೆಗಳನ್ನು ಚಾಚುತ್ತದೆ, ಗ್ಯಾಲಾಕ್ಸಿಯಾ ಹವಳ ಅದಕ್ಕಿಂತ ದೂರಕ್ಕೆ. ಹಗಲು ನೋಡಿ ಜಾಗ ಹಂಚಿದರೆ ಬೆಳಿಗ್ಗೆ ಪಕ್ಕದ್ದರ ಮೈಮೇಲೆ ಸುಟ್ಟ ಗುರುತು ಕಾಣುತ್ತದೆ.

ಟ್ಯಾಂಕ್ ಬಂದ ಮೇಲೆ ಸಿಹಿನೀರು ತುಂಬಿಸಿ ಎರಡು ದಿನ ಸೋರಿಕೆ ನೋಡಿ. ಮುಂದೆ ಉಪ್ಪುನೀರು ತುಂಬಿದಾಗ ಬರೀ ನೀರೇ 138 ಕಿಲೋ ಆಗುತ್ತದೆ, ಸ್ಟ್ಯಾಂಡ್ ಗಟ್ಟಿಯಿರಲಿ, ಮಟ್ಟವಾಗಿರಲಿ. ಆಮೇಲೆ ಉಪ್ಪುನೀರು. ಇಲ್ಲಿ ಒಂದು ಚೂರು ಎಚ್ಚರಿಕೆ. ನಿಮ್ಮ ಟ್ಯಾಂಕ್‌ನ ಆಲ್ಕಲಿನಿಟಿ, ಅಂದರೆ ಹವಳ ಅಸ್ಥಿಪಂಜರ ಕಟ್ಟಲು ಬಳಸುವ ಕಾರ್ಬೊನೇಟ್‌ಗಳ ಪ್ರಮಾಣ, 8 ಡಿಕೆಎಚ್ (ಅದರ ಅಳತೆಮಾನ) ಇದೆ ಎಂದುಕೊಳ್ಳಿ. ಎಷ್ಟೋ ಉಪ್ಪುಗಳು ಬೆರೆಸಿದಾಗ 11 ತೋರಿಸುತ್ತವೆ. ನಿಮ್ಮ 320 ಲೀಟರ್‌ಗೆ ಇಂಥ 135 ಲೀಟರ್ ಒಮ್ಮೆಲೇ ಸೇರಿದರೆ 8.9ಕ್ಕೆ ಏರುತ್ತದೆ. ಒಂದೇ ದಿನದಲ್ಲಿ ಸುಮಾರು 1 ಡಿಕೆಎಚ್ ಏರಿಕೆ ಅಕ್ರೋಪೋರಾಗಳಿಗೆ ಇಷ್ಟವಾಗುವುದಿಲ್ಲ, ತುದಿ ಸುಟ್ಟುಕೊಳ್ಳುತ್ತವೆ. ಹೊಸದನ್ನು ಮೊದಲು ಒಂಟಿಯಾಗಿಯೇ ಓಡಿಸಿ. ಶಾಖ, ಉಪ್ಪಿನಂಶ ಎರಡೂ ಸಮನಾದ ಮೇಲೆ ದಿನಕ್ಕೆ 20 ಲೀಟರ್‌ನಂತೆ ಎರಡರ ನೀರನ್ನು ಅದಲು ಬದಲು ಮಾಡಿ. ಒಂದು ವಾರ ಹೀಗೆ ಮಾಡಿ ನಂತರ ವಾಲ್ವ್ ತೆರೆಯಿರಿ. ಉಪ್ಪಿನಂಶ 35 ಪಿಪಿಟಿ, ಅಂದರೆ ಸಾವಿರಕ್ಕೆ 35 ಪಾಲು, ಇರಲಿ.

ನೀರು ಹೆಚ್ಚಾಯಿತೆಂದು ದಿನದ ಕ್ಯಾಲ್ಸಿಯಂ, ಆಲ್ಕಲಿನಿಟಿ ಡೋಸನ್ನೂ ಅದೇ ಪ್ರಮಾಣದಲ್ಲಿ ಏರಿಸಬೇಡಿ. ಬಹಳ ಜನ ಮಾಡುವ ತಪ್ಪು ಇದು. ಡೋಸ್ ತಿನ್ನುವುದು ಹವಳ, ನೀರಲ್ಲ. ಮೊದಲ ದಿನ ಹವಳ ಅಷ್ಟೇ ಇದೆ, ಜಾಗ ಮಾತ್ರ ಬದಲಾಗಿದೆ. ಹಾಗಾಗಿ ಡೋಸ್ ಹಾಗೇ ಇರಲಿ. ಎರಡು ವಾರ ದಿನಾ ಒಂದೇ ಹೊತ್ತಿಗೆ ಆಲ್ಕಲಿನಿಟಿ ಅಳೆಯಿರಿ. ತುಂಡುಗಳು ಬುಡ ಊರಿ ಬೆಳೆಯಲು ಶುರುವಾದಾಗ ಅಂಕಿ ಇಳಿಯುತ್ತದೆ, ಆಗ ಏರಿಸಿ. ನೈಟ್ರೇಟ್, ಫಾಸ್ಫೇಟ್ ಕಡೆಗೂ ಕಣ್ಣಿರಲಿ. ಮೀನು ಅಷ್ಟೇ, ಅವುಗಳ ಕಸದಿಂದ ಬರುವ ಇವೆರಡನ್ನು ತಿನ್ನುವ ಬಾಯಿಗಳು ಜಾಸ್ತಿ. ಎರಡೂ ಸೊನ್ನೆಗೆ ಇಳಿದರೆ ಕಂದು ಲೋಳೆಯ ಡೈನೋಫ್ಲಾಜೆಲೇಟ್‌ಗಳು ಜಾಗ ಹಿಡಿಯುತ್ತವೆ. ಅವನ್ನು ಓಡಿಸುವುದಕ್ಕಿಂತ ಮೀನಿಗೆ ಒಂದು ಹಿಡಿ ಹೆಚ್ಚು ಆಹಾರ ಹಾಕುವುದು ಸುಲಭ.

ಕೊನೆಯ ಪ್ರಶ್ನೆ, ಹೊಸ ಹವಳ. ನೀರು ಒಂದೇ ಆದ ಮೇಲೆ ಟ್ಯಾಂಕ್ ಎರಡಾದರೇನು, ರೋಗ ಹುಳುಗಳಿಗೆ ಒಂದೇ ಮನೆ. ಅಕ್ರೋಪೋರಾ ತಿನ್ನುವ ಚಪ್ಪಟೆ ಹುಳು, ಮಾಂಟಿಪೋರಾ ತಿನ್ನುವ ನೂಡಿಬ್ರಾಂಕ್ (ಚಿಪ್ಪಿಲ್ಲದ ಬಸವನಹುಳು), ಕಳೆಯಂತೆ ಹಬ್ಬುವ ಕಡಲಹೂ ಐಪ್ಟೇಸಿಯಾ, ಎಲ್ಲ ಪೈಪ್ ಹಿಡಿದು ಬರುತ್ತವೆ. ಔಷಧದ ನೀರಿನಲ್ಲಿ ಅದ್ದಿದರೆ ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಮೀನಿಗೆ ಬಿಳಿಚುಕ್ಕೆ ರೋಗ ತರುವ ಪರಾವಲಂಬಿ ಮೆರೈನ್ ಇಕ್ ಕೂಡ ತುಂಡು ಅಂಟಿಸಿದ ಪ್ಲಗ್‌ನ (ಸಣ್ಣ ಬಿಲ್ಲೆ) ಮೇಲೆ ಗೂಡುಕಟ್ಟಿ ಬರಬಲ್ಲದು. ಅದಕ್ಕೇ ಮೀನಿಲ್ಲದ ಟ್ಯಾಂಕ್‌ನಲ್ಲಿ 76 ದಿನ ಇಡುವ ರೂಢಿ ಇದೆ. ಒಂದು 30, 40 ಲೀಟರ್‌ನ ಸಣ್ಣ ಟ್ಯಾಂಕ್, ಸಣ್ಣ ಹೀಟರ್, ಸಣ್ಣ ಲೈಟ್ ಬೇರೆಯೇ ಇಡಿ. ಅದಕ್ಕೆ ಬೇರೆ ಚಿಮಟ, ಬೇರೆ ಬಕೆಟ್. ತಂದ ಹವಳವನ್ನು ಹಳೆಯ ಪ್ಲಗ್‌ನಿಂದ ಕಿತ್ತು, ಬುಡದಲ್ಲಿ ಮೊಟ್ಟೆ ಇದೆಯೇ ಭೂತಗನ್ನಡಿಯಲ್ಲಿ ನೋಡಿ, ಹೊಸ ಪ್ಲಗ್‌ಗೆ ಸೂಪರ್ ಗ್ಲೂ ಜೆಲ್‌ನಲ್ಲಿ ಅಂಟಿಸಿ ಅಲ್ಲಿಡಿ.

ಜೊಆಂಥಿಡ್ ಕತ್ತರಿಸುವಾಗ ಕೈಗವಸು, ಕನ್ನಡಕ ಎರಡೂ ಹಾಕಿಕೊಳ್ಳಿ. ಅವುಗಳಲ್ಲಿ ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಅವು ಬೆಳೆದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ ಸ್ವಚ್ಛ ಮಾಡಲು ಹೋಗಬೇಡಿ. ಆ ಆವಿ ಕುಡಿದು ಮನೆಮಂದಿ ಆಸ್ಪತ್ರೆ ಸೇರಿದ ಪ್ರಸಂಗಗಳಿವೆ. ಇದನ್ನು ನಾನು ಹೆದರಿಸಲು ಸುಮ್ನೆ ಹೇಳುತ್ತಿಲ್ಲ. ಹಾಗೆಯೇ ಕರೆಂಟ್. ಸಾಕೆಟ್‌ಗಳಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲಿ. ಪ್ರತಿ ವೈರೂ ಸಾಕೆಟ್‌ಗಿಂತ ಕೆಳಗೆ ಒಮ್ಮೆ ಜೋಲು ಬಿದ್ದು ಮೇಲೆ ಹೋಗಲಿ, ಹನಿ ಅಲ್ಲೇ ಉದುರಿ ಹೋಗುತ್ತದೆ.

ಮೊದಲು ಅಣಬೆ ಹವಳ, ಜೊಆಂಥಿಡ್ ಇಳಿಸಿ. ಎರಡು ಮೂರು ವಾರಕ್ಕೆ ಎಲ್‌ಪಿಎಸ್. ಮಾಂಟಿಪೋರಾ ಒಂದು ಸಣ್ಣ ತುಂಡು ಇಟ್ಟು ಅದು ಪ್ಲಗ್ ಮೇಲೆ ಹರಡಲು ಶುರುಮಾಡಿದರೆ ಅಕ್ರೋಪೋರಾ ಇಳಿಸಬಹುದು. ಪಾಚಿ ಮೇಯಲು ಟ್ರೋಕಸ್ ಬಸವನಹುಳು ಹಾಕಿ. ಅದು ಮಗುಚಿ ಬಿದ್ದರೆ ತಾನೇ ತಿರುಗಿಕೊಳ್ಳುತ್ತದೆ. ದೊಡ್ಡ ಟರ್ಬೋ ಬಸವನಹುಳು ಬೇಡ, ಅದು ತುಂಡುಗಳನ್ನು ಉರುಳಿಸುವ ಬುಲ್ಡೋಜರ್. ಮೀನು ಹಾಕುವುದಾದರೆ ಸಣ್ಣದೊಂದು ಸಾಕು, ಮೇಲೆ ಜಾಲರಿ ಮುಚ್ಚಳ ಇರಲೇಬೇಕು. 5 ಸೆಂ.ಮೀ. ಗಾಜು ಯಾವ ಮೀನಿಗೂ ಗೋಡೆಯಲ್ಲ. ಆ ಜಾಲರಿಯ ಒಂದು ಮೂಲೆಯನ್ನು ಮಾತ್ರ ರಿಟರ್ನ್ ಬಾಯಿಯ ಮೇಲೆ ಸುಲಭವಾಗಿ ತೆರೆಯುವಂತೆ ಮಾಡಿಸಿ. ಪ್ರತಿ ತಿಂಗಳು ಒಮ್ಮೆ ಅಲ್ಲಿ ಕೈಹಾಕಿ ಬಾಯಿಯನ್ನು ಉಜ್ಜಿ, ಪಂಪ್ ಆಫ್ ಮಾಡಿ, ಸಂಪ್‌ನ ಗುರುತಿಗೆ ನೀರು ನಿಂತಿತೇ ನೋಡಿ.